ಮಾತ್ರೆಯ ಗಡಿಯಾರ ನೋಡಿ ಊಟ ಬಡಿಸಿ

ಅಕ್ಕನ ಮಗನಿಗೆ ಹತ್ತು ವರ್ಷ. ಇಲ್ಲೇ ತುಮಕೂರಿನಲ್ಲಿ ಓದುತ್ತಾನೆ. ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆಗೆ ಮೀಥೈಲ್‌ಫೆನಿಡೇಟ್ ಮಾತ್ರೆ ಶುರುವಾದ ವಾರ ಪಾಠದ ಕಡೆ ಗಮನ ಬಂತು. ಊಟದ ಡಬ್ಬಿ ಮಾತ್ರ ಕಳಿಸಿದ ಹಾಗೇ ವಾಪಸ್ ಬಂತು. ಚಿತ್ರಾನ್ನದ ಮೇಲಿಟ್ಟ ಸಂಡಿಗೆ ಮೆತ್ತಗಾಗಿ ಹಾಗೇ ಕೂತಿತ್ತು. ಅಕ್ಕ ಬೈದಳು. "ಹಸಿವೇ ಆಗಲ್ಲಮ್ಮ, ಏನ್ ಮಾಡ್ಲಿ?" ಅಂದ. ಹುಡುಗ ಹೇಳಿದ್ದು ನಿಜ.

ಬೈಯುವ ಮೊದಲು ತಲೆಯೊಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ನಮ್ಮ ಅಮಾನಿಕೆರೆಯನ್ನೇ ನೆನೆಸಿಕೊಳ್ಳಿ. ತೂಬು ಮುಚ್ಚಿದರೆ ನೀರು ನಿಲ್ಲುತ್ತದೆ, ಅಲ್ವಾ? ಮೆದುಳಿನ ನರಕೋಶಗಳು ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಹೊರಗೆ ಬಿಡುತ್ತವೆ, ಕೆಲಸ ಮುಗಿದ ಮೇಲೆ ಒಳಗೆ ಎಳೆದುಕೊಳ್ಳುತ್ತವೆ. ಮಾತ್ರೆ ಆ ಎಳೆದುಕೊಳ್ಳುವ ತೂಬನ್ನು ಮುಚ್ಚುತ್ತದೆ. ಮೆದುಳಿನ ಮುಂಭಾಗದಲ್ಲಿ ಎರಡೂ ಜಾಸ್ತಿ ಹೊತ್ತು ನಿಂತರೆ ಗಮನವೂ ನಿಲ್ಲುತ್ತದೆ. ಆದರೆ ಮಾತ್ರೆ ಒಂದೇ ಕೆರೆಯ ತೂಬು ಮುಚ್ಚಿ ಸುಮ್ಮನಾಗುವುದಿಲ್ಲ. ಮೆದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಬಾದಾಮಿಯಷ್ಟು ದೊಡ್ಡ ಭಾಗವಿದೆ. ಹಸಿವಿನ ಲೆಕ್ಕ ನೋಡುವುದು ಅದೇ. ಅಲ್ಲಿ 'ಸಾಕು' ಜೋರಾಗುತ್ತದೆ, 'ಬೇಕು' ಮೆಲ್ಲಗಾಗುತ್ತದೆ. ಜೊತೆಗೆ ನಾರ್‌ಅಡ್ರಿನಲಿನ್ ಅಂದರೆ ಮೈಯನ್ನು ಓಟಕ್ಕೆ ಅಣಿ ಮಾಡುವ ರಾಸಾಯನಿಕ. ಓಡಲು ನಿಂತವನಿಗೆ ಊಟ ನೆನಪಾಗುತ್ತದಾ? ಮೈಗೆ ಅನ್ನ ಬೇಕೇ ಬೇಕು, ಆ ಸುದ್ದಿ ಮಾತ್ರ ಮುಟ್ಟುತ್ತಿಲ್ಲ.

ಈಗ ಮಾತ್ರೆಯ ಹೊತ್ತು ಬರೆದಿಟ್ಟುಕೊಳ್ಳಿ. ಸಾಧಾರಣ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವುದು 8ರಿಂದ 12 ಗಂಟೆ. ಮಗುವಿಗೆ ಯಾವುದು ಕೊಟ್ಟಿದ್ದಾರೆ ಅಂತ ಡಾಕ್ಟರನ್ನೇ ಕೇಳಿ. ನಿಧಾನ ಮಾತ್ರೆಯನ್ನು ಬೆಳಿಗ್ಗೆ 8ಕ್ಕೆ ನುಂಗಿಸಿದರೆ ಮಧ್ಯಾಹ್ನದ ಊಟ ಸರಿಯಾಗಿ ನಡುವೆ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ, ಡಾಕ್ಟರ್ ಬೇಡ ಅನ್ನದಿದ್ದರೆ, ತಿಂಡಿ ಮೊದಲು, ಮಾತ್ರೆ ಆಮೇಲೆ. ತಿಂಡಿಯೂ ಗಟ್ಟಿಯಾಗಿರಲಿ. ಅಕ್ಕನ ಮನೆಯಲ್ಲಿ ಈಗ ಬಿಸಿ ತಟ್ಟೆ ಇಡ್ಲಿಯ ನಡುವೆ ಬೆಣ್ಣೆ ಉಂಡೆ ಇಡುತ್ತಾರೆ. ಅದು ಕರಗಿ ಅಂಚಿಗೆ ಬರುವಷ್ಟರಲ್ಲಿ ಹುಡುಗ ಅರ್ಧ ಮುಗಿಸಿರುತ್ತಾನೆ. ಮೇಲೊಂದು ಲೋಟ ಹಾಲು. ಆಮೇಲೆ ಮಾತ್ರೆ.

ಮಧ್ಯಾಹ್ನಕ್ಕೆ ಚಿಕ್ಕ ಡಬ್ಬಿ ಸಾಕು. ಎರಡು ಕಡಲೆಬೀಜದ ಉಂಡೆ, ಬಾಳೆಹಣ್ಣು, ಒಂದು ಚಪಾತಿ. ಬಲವಂತ ಮಾಡಿದರೆ ಊಟ ಕಂಡರೇ ಆಗದ ಹಾಗಾಗುತ್ತದೆ, ಅದು ಬೇಡ.

ಸಂಜೆ ಆಟ ಬೇರೆ. ತೂಬು ತೆರೆದುಕೊಂಡಿತು ಅನ್ನಿ, ಬೆಳಗಿನಿಂದ ತಡೆದಿದ್ದ ಹಸಿವೆಲ್ಲ ಒಟ್ಟಿಗೆ ಬರುತ್ತದೆ. ಕೈಗೆ ಚಿಪ್ಸ್ ಪ್ಯಾಕೆಟ್ ಸಿಕ್ಕರೆ ಅದರಲ್ಲೇ ಮುಗಿಯಿತು. ಮೊಟ್ಟೆ, ಉಸಲಿ, ರಾಗಿ ಮಾಲ್ಟ್ ಏನಾದರೂ ತಯಾರಾಗಿರಲಿ. ನಮ್ಮ ಹುಡುಗ ರಾತ್ರಿ ಮುದ್ದೆ, ಬಸ್ಸಾರು ತಿಂದು, ಮಲಗುವ ಮುಂಚೆ ಮತ್ತೆ ಅಡುಗೆಮನೆಗೆ ಬರುತ್ತಾನೆ. ಬರಲಿ ಬಿಡಿ.

ತಿಂಗಳಿಗೊಮ್ಮೆ ತೂಕ, ಎತ್ತರ ಬರೆದಿಡಿ. ಕ್ಯಾಲೆಂಡರ್ ಮೂಲೆ ಸಾಕು. ಎಷ್ಟೋ ಮಕ್ಕಳಿಗೆ ಕೆಲವು ವಾರಗಳಲ್ಲಿ ಹಸಿವು ತುಸು ಸುಧಾರಿಸುತ್ತದೆ. ತೂಕ ಇಳಿಯುತ್ತಲೇ ಇದ್ದರೆ ಆ ಪುಟ ಡಾಕ್ಟರಿಗೆ ತೋರಿಸಿ. ಪ್ರಮಾಣವನ್ನೋ ಹೊತ್ತನ್ನೋ ಬದಲಿಸುವುದು ಅವರ ಕೆಲಸ. ನೀವೇ ನಿಲ್ಲಿಸಬೇಡಿ. ನಿಧಾನ ಮಾತ್ರೆಯನ್ನು ಪುಡಿ ಮಾಡಿ ಹಾಲಿಗೆ ಹಾಕಬೇಡಿ, ಇಡೀ ದಿನದ ಮದ್ದು ಒಮ್ಮೆಲೇ ಮೈಗೆ ಇಳಿಯುತ್ತದೆ.

ಇನ್ನೊಂದು ಮಾತು. ಪಕ್ಕದ ಮನೆಯ ಕಾಲೇಜು ಹುಡುಗಿ ಒಂದು ದಿನ ಬಂದು, "ಆಂಟಿ, ಹಸಿವು ಆಗಲ್ವಂತಲ್ಲ, ನನಗೂ ಎರಡು ಕೊಡಿ, ಸಣ್ಣಗಾಗ್ಬೇಕು" ಅಂದಳು. ಇದು ಹಳೆಯ ಆಸೆ. ಇದೇ ಜಾತಿಯ ಆಂಫೆಟಮೈನನ್ನು ಅಮೆರಿಕದಲ್ಲಿ ಒಂದು ಕಾಲಕ್ಕೆ ತೆಳ್ಳಗಾಗಲು ಧಾರಾಳವಾಗಿ ಬರೆದುಕೊಡುತ್ತಿದ್ದರು. ಜನ ಚಟಕ್ಕೆ ಬಿದ್ದರು. ಎದೆಬಡಿತ, ರಕ್ತದೊತ್ತಡ ಏರುತ್ತದೆ, ನಿದ್ದೆ ಹೋಗುತ್ತದೆ, ಬಿಟ್ಟ ಮೇಲೆ ತೂಕ ವಾಪಸ್ ಬರುತ್ತದೆ. ನಮ್ಮಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಈ ಮಾತ್ರೆ ಕೊಡುವಂತಿಲ್ಲ. ಅಕ್ಕ ಆ ಹುಡುಗಿಗೆ ಕಾಫಿ ಕೊಟ್ಟು ಕಳಿಸಿದಳು. ಅವತ್ತಿನಿಂದ ಮಾತ್ರೆ ಫ್ರಿಜ್ ಮೇಲಿಂದ ಬೀರುವಿಗೆ ಹೋಯಿತು. ಬೀಗದ ಕೈ ಅವಳ ಬಳಿಯೇ ಇದೆ.