ಫಾರ್ಮ್ ಡಿ ವಿದ್ಯಾರ್ಥಿಯ ಮೊದಲ ವಾರ್ಡ್ ತರಬೇತಿ: ರೋಗಿಯ ಔಷಧ ಚರಿತ್ರೆಯನ್ನು ಕೇಳುವ ಕ್ರಮ

ಭಾರತೀಯ ಫಾರ್ಮಸಿ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ, ಆರು ವರ್ಷಗಳ ಕೋರ್ಸು. ಅದರ ಕೊನೆಯ ವರ್ಷವಿಡೀ ಇಂಟರ್ನ್‌ಶಿಪ್. ಆದರೆ ರೋಗಿಯೊಡನೆ ಮಾತನಾಡುವುದನ್ನು ಅಲ್ಲಿಯವರೆಗೆ ಮುಂದೂಡುವುದು ಸರಿಯಲ್ಲ. ಆರಂಭದ ವರ್ಷಗಳಲ್ಲೇ ವಾರ್ಡಿಗೆ ಹೋಗುವ ಅವಕಾಶ ದೊರೆತರೆ ಔಷಧ ಚರಿತ್ರೆಯಿಂದಲೇ, ಅಂದರೆ ರೋಗಿ ಯಾವ ಔಷಧಗಳನ್ನು ಹೇಗೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿ ತಿಳಿಯುವುದರಿಂದಲೇ, ತೊಡಗಬೇಕು. ಅದಕ್ಕೆ ರೋಗನಿರ್ಣಯದ ಪರಿಣತಿಗಿಂತ ತಾಳ್ಮೆಯೇ ಮುಖ್ಯ.

ಮಾರ್ಗದರ್ಶಕರ ಮತ್ತು ಕರ್ತವ್ಯದಲ್ಲಿರುವ ನರ್ಸ್ ಅವರ ಅನುಮತಿ ಪಡೆದು, ಕೇಸ್ ಶೀಟ್ ಓದಿಕೊಂಡು, ರೌಂಡ್ಸ್ ಮತ್ತು ಊಟದ ಹೊತ್ತನ್ನು ಬಿಟ್ಟು ಒಬ್ಬ ರೋಗಿಯ ಬಳಿಗೆ ಹೋಗಿ, ತಾನು ವಿದ್ಯಾರ್ಥಿಯೆಂದು ತಿಳಿಸಿ ಅವರ ಒಪ್ಪಿಗೆ ಕೇಳಬೇಕು. “ಮಾತ್ರೆ ಸರಿಯಾಗಿ ತಗೋತಿದ್ದೀರಾ ಅಜ್ಜಿ?” ಎಂದರೆ ಸಾಮಾನ್ಯವಾಗಿ ಹೌದೆಂಬ ಉತ್ತರವೇ ಬರುತ್ತದೆ; “ಹೋದ ವಾರ ಎಷ್ಟು ಸಲ ತಪ್ಪಿಹೋಯ್ತು?” ಎಂದು ಕೇಳಿದರೆ ನಿಜಸ್ಥಿತಿ ತಿಳಿಯುವ ಸಂಭವ ಹೆಚ್ಚು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ, ನಾಟಿ ಔಷಧ, ಕಷಾಯಗಳನ್ನು ಹೆಸರಿಸಿಯೇ ಕೇಳಬೇಕು, ಏಕೆಂದರೆ ಅನೇಕರು ಅವುಗಳನ್ನು ಔಷಧವೆಂದೇ ಎಣಿಸುವುದಿಲ್ಲ. ಮನೆಯಲ್ಲಿರುವ ಮಾತ್ರೆಗಳ ಕವರನ್ನು ತರುವಂತೆ ಜೊತೆಗಿರುವವರಿಗೆ ಹೇಳುವುದು ಒಳ್ಳೆಯದು.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ ಎಷ್ಟು ಯೂನಿಟ್ ಎಂದು ಕೇಳಿ ಸುಮ್ಮನಾಗದೆ, ಸೀಸೆ ಮತ್ತು ಸಿರಿಂಜು ಎರಡನ್ನೂ ನೋಡಬೇಕು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗಳೂ 100 ಯೂನಿಟ್ ಇರುವವೂ ದೊರೆಯುತ್ತವೆ. ಮೊದಲನೆಯದರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 25 ಯೂನಿಟ್. ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಅದಲುಬದಲಾದರೆ 10ರ ಬದಲು 4 ಯೂನಿಟ್ ಮಾತ್ರ ಹೋಗುತ್ತದೆ. ತರಗತಿಯಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯವನ್ನು ರೋಗಿಯ ಕೈಯಲ್ಲಿರುವ ಸಿರಿಂಜನ್ನು ನೋಡಿಯೇ ಕಲಿಯಬೇಕು.

ಬಳಿಕ ಹೀಗೆ ಕೇಳಿ ತಿಳಿದ ಔಷಧಗಳ ಪಟ್ಟಿಯನ್ನು ವಾರ್ಡಿನ ಟ್ರೀಟ್‌ಮೆಂಟ್ ಚಾರ್ಟಿನೊಂದಿಗೆ ಹೋಲಿಸಿ, ಬಿಟ್ಟುಹೋದ ಔಷಧ, ಎರಡು ಬ್ರ್ಯಾಂಡ್ ಹೆಸರಿನಲ್ಲಿ ಬಂದ ಒಂದೇ ಔಷಧ, ಪ್ರಮಾಣದ ವ್ಯತ್ಯಾಸಗಳನ್ನು ಗುರುತಿಸಬೇಕು. ಕಂಡದ್ದನ್ನು ತಡಮಾಡದೆ ಮಾರ್ಗದರ್ಶಕರಿಗೆ ತಿಳಿಸಬೇಕೇ ಹೊರತು, ರೋಗಿಗೆ ನೇರವಾಗಿ ಡೋಸ್ ಬದಲಿಸುವ ಸಲಹೆ ನೀಡಕೂಡದು. ಔಷಧದಿಂದಲೇ ದದ್ದು ಅಥವಾ ವಾಂತಿ ಉಂಟಾಗಿದೆ ಎಂಬ ಅನುಮಾನವಿದ್ದರೆ, ಕಾರಣ ಖಚಿತವಾಗುವವರೆಗೆ ಕಾಯದೆ, ಮಾರ್ಗದರ್ಶಕರ ನೆರವಿನಿಂದ ಔಷಧ ಅಡ್ಡಪರಿಣಾಮದ ವರದಿ ನಮೂನೆಯನ್ನು ತುಂಬಬಹುದು. ಕಲಿಕೆಗಾಗಿ ಇಟ್ಟುಕೊಳ್ಳುವ ಸ್ವಂತ ಪುಸ್ತಕದಲ್ಲಿ ಮಾತ್ರ ರೋಗಿಯ ಹೆಸರನ್ನಾಗಲಿ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನಾಗಲಿ ಬರೆಯಬಾರದು.