ಊಟ, ರೂಮಿಗೆ ಬದಲಾಗಿ ಕೆಲಸ: ಮೂಡಿಗೆರೆಯ ಒಂದು ಹೋಂಸ್ಟೇಯಲ್ಲಿ

ಸಂಬಳ ಬೇಡ, ಊಟ ಮತ್ತು ಇರೋಕೆ ಜಾಗ ಕೊಟ್ಟರೆ ಕೆಲಸ ಮಾಡಿಕೊಡುತ್ತೇನೆ. ಹೀಗೆ ಕೇಳಿಕೊಂಡು ನಾನು ಮೂಡಿಗೆರೆ ಕಡೆಯ ಒಂದು ಹೋಂಸ್ಟೇಗೆ ಹೋದದ್ದು ದಸರೆಗೆ ಸ್ವಲ್ಪ ಮುಂಚೆ. ವಾಪಸ್ ಬಂದದ್ದು ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ. ಹೋಗುವ ಮನಸ್ಸಿರುವವರು ಮೊದಲು ಕೇಳುವುದು "ಜಾಗ ಹೇಗಿತ್ತು" ಅಂತ. ಜಾಗ ಚೆನ್ನಾಗಿಯೇ ಇರುತ್ತದೆ, ಚಿಕ್ಕಮಗಳೂರು ಅಲ್ವಾ. ಕೇಳಬೇಕಾದದ್ದು ಗಂಟೆಯ ಲೆಕ್ಕ.

ಹೊರದೇಶದಲ್ಲಿ ಇದು ಹಳೆಯ ಪದ್ಧತಿ. ವೂಫ್ (WWOOF) ಅನ್ನೋ ಜಾಲ 1971ರಲ್ಲೇ ಇಂಗ್ಲೆಂಡಿನಲ್ಲಿ ಶುರುವಾಯಿತು. ಸಾವಯವ ತೋಟದಲ್ಲಿ ದುಡಿಯುವುದು, ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ಈಗ ವರ್ಕ್‌ಅವೇ ತರಹದ ವೆಬ್‌ಸೈಟುಗಳೂ ಇವೆ. ನಾನು ಯಾವುದಕ್ಕೂ ಸದಸ್ಯಳಾಗಲಿಲ್ಲ. ನಮ್ಮ ಕಡೆ ಹೋಂಸ್ಟೇ ನಡೆಸುವವರು ಹೆಚ್ಚಾಗಿ ತೋಟದ ಮನೆಯವರೇ, ಫೋನ್ ಎತ್ತುವವರೂ ಅವರೇ. ಸುಮ್ನೆ ಫೋನ್ ಮಾಡಿದೆ. ಕೆಲವರು ನಕ್ಕು ಇಟ್ಟರು. ಒಬ್ಬರು ಮಾತ್ರ ಪೂರ್ತಿ ಕೇಳಿಸಿಕೊಂಡು, "ಏನಮ್ಮ, ಓದಿದ ಹುಡುಗಿ, ಬೆಡ್‌ಶೀಟ್ ಒಗೀತೀಯಾ?" ಅಂದರು. "ಒಗೀತೀನಿ ಅಣ್ಣ. ಬುಕಿಂಗ್ ಫೋನು, ವಾಟ್ಸಾಪ್ ಕೂಡ ನೋಡ್ಕೋತೀನಿ. ಅಕ್ಕನ ಹತ್ರ ಒಂದ್ಸಲ ಮಾತಾಡ್ಲಾ?" ಅಂದೆ.

ಒಬ್ಬಳೇ ಹೋಗುವ ಹೆಣ್ಣುಮಗಳು ಮನೆಯೊಡತಿಯ ಜೊತೆ ಮಾತಾಡದೆ ಬಸ್ ಹತ್ತಬಾರದು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಅಡುಗೆಮನೆ ಅವರದು, ಕೆಲಸ ಹೇಳುವವರೂ ಅವರೇ. ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ಬಚ್ಚಲು ಯಾರ ಜೊತೆ ಹಂಚಿಕೊಳ್ಳಬೇಕು, ರೂಮು ಫುಲ್ ಆದರೆ ನನ್ನನ್ನು ಎಬ್ಬಿಸಿ ಹಾಲ್‌ನಲ್ಲಿ ಮಲಗಿಸುತ್ತೀರಾ, ಎಲ್ಲ ಕೇಳಿದೆ. ಕೊನೆಯ ಪ್ರಶ್ನೆಗೆ ಅಕ್ಕ ನಕ್ಕರು. ಆದರೆ ಲಾಂಗ್ ವೀಕೆಂಡ್‌ನಲ್ಲಿ ಹಾಗೆ ಆಗುವುದುಂಟು, ಕೇಳಿಯೇ ಇಡಬೇಕು.

ಈಗ ಗಂಟೆಯ ವಿಷಯ. ಇಂಥ ಕಡೆ ಎಲ್ಲರೂ ಹೇಳುವ ಲೆಕ್ಕ ದಿನಕ್ಕೆ ನಾಲ್ಕೈದು ಗಂಟೆ ಅಂತ. ತೋಟಕ್ಕೆ ಅದು ಸರಿಹೋಗಬಹುದು. ಹೋಂಸ್ಟೇಗೆ ಸರಿಹೋಗುವುದಿಲ್ಲ. ಸೋಮವಾರದಿಂದ ಗುರುವಾರದವರೆಗೆ ಮನೆ ಖಾಲಿ. ಶುಕ್ರವಾರ ಸಂಜೆ ಬೆಂಗಳೂರಿನ ಕಾರುಗಳು ಬರತೊಡಗಿದರೆ ಭಾನುವಾರ ಮಧ್ಯಾಹ್ನದವರೆಗೆ ಕೂರಲು ಪುರುಸೊತ್ತಿಲ್ಲ. ದಿನದ ಲೆಕ್ಕ ಇಟ್ಟುಕೊಂಡರೆ ಶನಿವಾರ ಹನ್ನೆರಡು ಗಂಟೆ ದುಡಿದು ನಿಮಗೆ ಸಿಟ್ಟು ಬರುತ್ತದೆ. ಮಂಗಳವಾರ ನೀವು ಪುಸ್ತಕ ಹಿಡಿದು ಕೂತದ್ದು ನೋಡಿ ಅವರಿಗೆ ಸಿಟ್ಟು ಬರುತ್ತದೆ. ಹಾಗಾಗಿ ವಾರಕ್ಕೆ ಮೂವತ್ತು ಗಂಟೆ, ಮಂಗಳವಾರ ಬುಧವಾರ ಪೂರ್ತಿ ನನ್ನದು ಅಂತ ಮಾತಾಡಿಕೊಂಡೆವು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದೇ ಚೌಕದ ಕೆಳಗಡೆ ನನ್ನ ಗಂಟೆ ಬರೆದೆ. ಮೊದಮೊದಲು ಅಣ್ಣನಿಗೆ ಇದು ತಮಾಷೆಯಾಗಿ ಕಂಡಿತು. ಆಮೇಲೆ ಅವರೇ "ಇವತ್ತಿಂದು ಬರ್ದ್ಯಾ?" ಅಂತ ಕೇಳತೊಡಗಿದರು.

ಕೆಲಸದಲ್ಲಿ ಕಷ್ಟದ್ದು ಅಂದರೆ ಬಟ್ಟೆ. ಮಲೆನಾಡಿನ ಹೋಂಸ್ಟೇಯನ್ನು ನಡೆಸುವುದು ಊಟ, ಉಳಿಸುವುದು ಒಣಗಿದ ಬೆಡ್‌ಶೀಟ್ ಅಂತ ಅಕ್ಕ ಹೇಳುತ್ತಿದ್ದರು, ನೂರಕ್ಕೆ ನೂರು ನಿಜ. ಹನ್ನೊಂದಕ್ಕೆ ಒಬ್ಬರು ಖಾಲಿ ಮಾಡುತ್ತಾರೆ, ಒಂದಕ್ಕೆ ಇನ್ನೊಬ್ಬರು ಬಾಗಿಲಲ್ಲಿ. ಅಕ್ಟೋಬರಿನ ಮಳೆಗೆ ಹೊರಗೆ ಹಾಕಿದ ಬಟ್ಟೆ ಸಂಜೆಗೂ ಹಸಿ. ಮಡಚಿಟ್ಟರೆ ಮರುದಿನಕ್ಕೆ ಮುಗ್ಗಲು ವಾಸನೆ. ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ನಾವು ಕಂಡುಕೊಂಡ ದಾರಿ ಇಷ್ಟೇ: ಪ್ರತಿ ಹಾಸಿಗೆಗೆ ಮೂರು ಜೊತೆ ಶೀಟು, ವಾರದ ನಡುವೆ ಬಿಸಿಲು ಕಂಡ ತಕ್ಷಣ ಎಲ್ಲ ಕೆಲಸ ಬಿಟ್ಟು ಒಗೆತ, ಕಾಫಿ ಕಣದ ಮೇಲೆ ಉದ್ದಕ್ಕೆ ಹಗ್ಗ. ಕೊಯ್ಲು ಶುರುವಾದ ಮೇಲೆ ಕಣ ಕಾಫಿಗೆ ಹೋಯಿತು. ಹಣ್ಣು ಹರಡಿದ ಕಡೆ ನೀರು ತೊಟ್ಟಿಕ್ಕುವ ಶೀಟು ತಂದರೆ ಯಾರು ಬಿಡುತ್ತಾರೆ? ಪುಣ್ಯಕ್ಕೆ ಅಷ್ಟರಲ್ಲಿ ಚಳಿಗಾಲದ ಬಿಸಿಲು ಬಂದಿತ್ತು, ಮನೆಯ ಹಿಂದಿನ ಬೇಲಿಯೇ ಸಾಕಾಯಿತು.

ಬೆಳಗಿನ ತಿಂಡಿಗೆ ಅಕ್ಕಿ ರೊಟ್ಟಿ. ಕುದಿಯುವ ನೀರಿಗೆ ಹಿಟ್ಟು ಸುರಿದು, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಬೇಕು. ಆರಿದರೆ ಅಂಚು ಒಡೆಯುತ್ತದೆ. ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತಾ ಅಕ್ಕ ನಾದುವರು, ತೆಳ್ಳಗೆ ಲಟ್ಟಿಸುವರು. ಕಾವಲಿಯಿಂದ ತೆಗೆದದ್ದನ್ನು ಕೆಂಡದ ಮೇಲೆ ಉಬ್ಬಿಸುವುದು ನನ್ನ ಪಾಲು. ಉಬ್ಬಿದ ಗಳಿಗೆಗೆ ತಟ್ಟೆಗೆ ಹೋಗಬೇಕು. ಆದರೆ ಬಂದವರು ಒಂಬತ್ತೂವರೆಗೆ ಎಲ್ಲರೂ ಒಟ್ಟಿಗೆ ಟೇಬಲ್‌ಗೆ ಬರುತ್ತಾರೆ! ಹಿಂದಿನ ರಾತ್ರಿಯೇ "ತಿಂಡಿ ಎಂಟೂವರೆಗಾ, ಒಂಬತ್ತಕ್ಕಾ?" ಅಂತ ಪ್ರತಿ ರೂಮಿಗೂ ಕೇಳಿ ಬರೆದಿಡುವ ಅಭ್ಯಾಸ ಮಾಡಿದೆ. ಒಲೆ ಮುಂದಿನ ಗಲಾಟೆ ಅರ್ಧಕ್ಕರ್ಧ ಕಡಿಮೆಯಾಯಿತು.

ಫೋನಿನ ಕೆಲಸ ಸುಲಭ. ದಾರಿ ಹೇಳುವುದೇ ಅದರಲ್ಲಿ ಮುಕ್ಕಾಲು ಪಾಲು. ಮ್ಯಾಪ್ ನಂಬಿ ಜೀಪಿನ ದಾರಿಗೆ ಕಾರು ನುಗ್ಗಿಸಿದವರು, ನೆಟ್‌ವರ್ಕ್ ಇಲ್ಲದ ತಿರುವಿನಲ್ಲಿ ನಿಂತವರು. ಎಲ್ಲಿ ತಿರುಗಬೇಕು, ಎಲ್ಲಿಂದ ಸಿಗ್ನಲ್ ಇರುವುದಿಲ್ಲ, ಪೆಟ್ರೋಲ್ ಎಲ್ಲಿ ಹಾಕಿಸಬೇಕು ಅಂತ ಒಂದೇ ಮೆಸೇಜ್ ಬರೆದು ಬುಕಿಂಗ್ ಆದವರಿಗೆಲ್ಲ ಕಳಿಸಿದೆ. ದೇವರಮನೆ, ಚಾರ್ಮಾಡಿ ಘಾಟಿ, ಕೊಟ್ಟಿಗೆಹಾರದ ನೀರುದೋಸೆ ಎಲ್ಲ ಅದರಲ್ಲೇ. ವಿದೇಶಿಗರು ಉಳಿದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ತುಂಬಬೇಕು, ಅದೂ ನನ್ನದೇ. ಹಾಗೆ ಬಂದ ಒಬ್ಬ ಹುಡುಗ ನನ್ನನ್ನು ನೋಡಿ, ತಾನೂ ಹೀಗೇ ಕೆಲಸ ಮಾಡಿಕೊಂಡು ಇರಬಹುದಾ ಅಂತ ಕೇಳಿದ. ಪ್ರವಾಸಿ ವೀಸಾದಲ್ಲಿ ಬಂದವರು ಊಟ-ರೂಮಿಗೆ ಬದಲಾಗಿ ದುಡಿಯುವಂತಿಲ್ಲ. ಅಣ್ಣ ಅವನಿಗೆ ಕಾಫಿ ಕೊಟ್ಟು ಇಲ್ಲ ಅಂದರು.

ಕಾಫಿ ಕೊಯ್ಯುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಬಂದವರೆಲ್ಲ ಫೋಟೋಗೆ ಒಂದು ಬುಟ್ಟಿ ಕೊಯ್ಯುತ್ತಾರೆ, ಅದು ಬೇರೆ. ಹಣ್ಣು ಕೊಯ್ಯುವುದು ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರ, ಅಸ್ಸಾಮಿನಿಂದ ಬಂದವರ ಸಂಪಾದನೆ. ಅಲ್ಲಿ ಕೂಲಿ ಕಿಲೋ ಲೆಕ್ಕ. ನಾನು ಬಿಟ್ಟಿಯಾಗಿ ಕೊಯ್ದರೆ ಅಷ್ಟು ಕಿಲೋ ಯಾರದೋ ಕೈಯಿಂದ ಹೋದ ಹಾಗೆ. ರೂಮು ಗುಡಿಸಲು ಬರುತ್ತಿದ್ದ ಆಂಟಿಗೆ ಕೂಡ ನಾನು ಬಂದ ಮೇಲೆ ಬರಬೇಡ ಅಂದುಬಿಡುತ್ತಾರಾ ಅಂತ ಭಯವಿತ್ತು. ಅದನ್ನು ಮೊದಲೇ ಅಕ್ಕನ ಹತ್ತಿರ ಇತ್ಯರ್ಥ ಮಾಡಿಕೊಂಡೆ. ಆಂಟಿಯ ದಿನಗಳು ಒಂದೂ ಕಡಿಮೆಯಾಗಲಿಲ್ಲ. ನನಗೆ ಇಂಬಳ (ಜಿಗಣೆ) ಕಚ್ಚದ ಹಾಗೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚುವುದು ಕಲಿಸಿದ್ದೂ ಅವರೇ.

ಕ್ರಿಸ್‌ಮಸ್ ವಾರ ಮಾತ್ರ ಮೂವತ್ತು ಗಂಟೆ ಎಲ್ಲೋ ಹಾರಿಹೋಯಿತು. ಸೋಮವಾರವೂ ಫುಲ್, ಬುಧವಾರವೂ ಫುಲ್. ಹೊಸ ವರ್ಷ ಕಳೆದ ಮೇಲೆ ಕ್ಯಾಲೆಂಡರ್ ಬಿಚ್ಚಿ ಅಕ್ಕನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಕೂಡಿಸಿದರು. ಜಾಸ್ತಿ ಆದ ಗಂಟೆಗಳಿಗೆ ಆಂಟಿಗೆ ಕೊಡುವ ಕೂಲಿಯ ದರದಲ್ಲೇ ದುಡ್ಡು ಎಣಿಸಿ ಕೊಟ್ಟರು. "ಏಪ್ರಿಲ್, ಮೇನಲ್ಲಿ ಮತ್ತೆ ರಷ್ ಇರುತ್ತೆ, ಬರ್ತೀಯಾ?" ಅಂದರು. ಬರ್ತೀನಿ, ಆಗ ಸಂಬಳಕ್ಕೆ ಬರ್ತೀನಿ ಅಂದೆ. ಎಷ್ಟು ಅನ್ನೋದು ಇನ್ನೂ ಮಾತಾಗಿಲ್ಲ.