ಅವನು ಬುದ್ಧಿವಂತ, ಆದ್ರೆ ಬುದ್ಧಿ ಇಲ್ಲ: ಜಾಣತನದ ಪಕ್ಕದಲ್ಲಿ ವಿವೇಕವನ್ನೂ ಕೂರಿಸುವುದು ಹೇಗೆ

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಒಂದು ಮಾತಿದೆ. "ಅವನು ಬುದ್ಧಿವಂತ, ಆದ್ರೆ ಬುದ್ಧಿ ಇಲ್ಲ." ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಬುದ್ಧಿ ಅಂದ್ರೆ ಲೆಕ್ಕ ಮಾಡೋದು, ರ‍್ಯಾಂಕ್ ತೆಗೆಯೋದು, ಹೊಸ ಫೋನ್ ಕೈಗೆ ಕೊಟ್ಟರೆ ಐದು ನಿಮಿಷದಲ್ಲಿ ಅದರ ಹೊಟ್ಟೆಯೊಳಗೆ ಏನಿದೆ ಅಂತ ಹೇಳೋದು. ಎರಡನೆಯದು ಯಾವಾಗ ಸುಮ್ಮನಿರಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಮಾತನ್ನು ನುಂಗಿಕೊಳ್ಳಬೇಕು ಅಂತ ಗೊತ್ತಿರೋದು. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಅನ್ನೋ ಗಾದೆಯಲ್ಲಿರುವುದೂ ಈ ಎರಡನೆಯದೇ. ಗೊಂದಲ ಬೇಡ, ಇಲ್ಲಿ ಮೊದಲನೆಯದನ್ನು ಜಾಣತನ ಅಂತಲೂ ಎರಡನೆಯದನ್ನು ವಿವೇಕ ಅಂತಲೂ ಕರೆಯುತ್ತೇನೆ.

ಇದು ಜಾಣತನ ಹೆಚ್ಚಿಸಿಕೊಳ್ಳುವ ಗೈಡ್ ಅಲ್ಲ. ಅದಕ್ಕೆ ಬೀದಿಗೊಂದು ಕೋಚಿಂಗ್ ಸೆಂಟರ್ ಇದೆ. ಇರುವ ಜಾಣತನ ನಮ್ಮನ್ನೇ ಹಳ್ಳಕ್ಕೆ ತಳ್ಳದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ, ಕೈ ಸುಟ್ಟುಕೊಂಡವನೊಬ್ಬ ಬರೆದಿದ್ದು ಅಂದುಕೊಳ್ಳಿ.

ಜಾಣತನಕ್ಕೆ ಅಳತೆಗೋಲಿದೆ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೊನ್ ಇಂಥ ಮೊದಲ ಪರೀಕ್ಷೆ ಮಾಡಿದರು. ಶಾಲೆಯಲ್ಲಿ ಯಾವ ಮಕ್ಕಳಿಗೆ ಜಾಸ್ತಿ ಸಹಾಯ ಬೇಕು ಅಂತ ಗುರುತಿಸುವುದು ಅವರ ಉದ್ದೇಶವಾಗಿತ್ತು, ಯಾರು ಮೇಲು ಯಾರು ಕೀಳು ಅಂತ ಹೇಳುವುದಲ್ಲ. ಈಗಿನ ಐಕ್ಯೂ ಪರೀಕ್ಷೆಗಳಲ್ಲಿ ಸರಾಸರಿ 100, ನೂರರಲ್ಲಿ ಸುಮಾರು 68 ಜನ 85ರಿಂದ 115ರ ಒಳಗೆ ಬರುತ್ತಾರೆ. ಆ ಪರೀಕ್ಷೆ ಹೇಗಿರುತ್ತೆ ನೋಡಿ. ಪ್ರಶ್ನೆಯನ್ನು ಬೇರೆ ಯಾರೋ ಸಿದ್ಧ ಮಾಡಿ ಕೊಟ್ಟಿರುತ್ತಾರೆ. ಅದಕ್ಕೆ ಸರಿಯುತ್ತರ ಅಂತ ಒಂದು ಇದ್ದೇ ಇರುತ್ತೆ. ತಪ್ಪಾದರೆ ಯಾರ ಒಡವೆಯೂ ಹೋಗಲ್ಲ. ಹೊರಗಡೆ ಬಂದರೆ ಈ ಮೂರೂ ಇರಲ್ಲ, ಅಲ್ವಾ?

ಒಡವೆ ಅಂದೆನಲ್ಲ, ಅದೇ ಕತೆ ಹೇಳಿಬಿಡುತ್ತೇನೆ. ಮುಂದೆ ಹೇಳುವುದೆಲ್ಲ ಅಲ್ಲಿಂದಲೇ ಬಂದದ್ದು.

ನಮ್ಮದು ಕೋಲಾರದ ಕಡೆ. ಹೊಳೆ ಇಲ್ಲ, ಕಾಲುವೆ ಇಲ್ಲ, ಇರೋದು ಕೆರೆ ಮತ್ತು ಬೋರ್‌ವೆಲ್. ಅಪ್ಪ ಮೊದಲು ಕೊರೆಸಿದ ಬೋರ್‌ನಲ್ಲಿ ಆರುನೂರು ಅಡಿಗೆ ಎರಡು ಇಂಚು ನೀರು ಬಂದಿತ್ತು. ಆ ನೀರಲ್ಲಿ ಹಿಪ್ಪುನೇರಳೆ ಬೆಳೆದು, ರೇಷ್ಮೆಗೂಡು ಮಾರಿ ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ಅದು ಬತ್ತಿತು. ಎರಡನೆಯದು ಒಂದೇ ಬೇಸಿಗೆಗೆ ಕೈಕೊಟ್ಟಿತು. 2016ರ ಬರದಲ್ಲಿ ಮೂರನೆಯದರ ಮಾತು ಬಂದಾಗ ಅಪ್ಪನಿಗೆ ಧೈರ್ಯ ಇರಲಿಲ್ಲ. ಧೈರ್ಯ ಕೊಟ್ಟಿದ್ದು ನಾನು.

ಬೆಂಗಳೂರಿನಿಂದ ಶನಿವಾರ ಬಂದವನೇ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ತೋರಿಸಿದೆ. ಅಡಿಗೆ ಇಷ್ಟು, ಕೇಸಿಂಗಿಗೆ ಇಷ್ಟು, ಮೋಟಾರು, ಕೇಬಲ್ಲು, ಡ್ರಿಪ್ಪು. ಒಂದು ಎಕರೆ ಟೊಮೇಟೊ, ಕೋಲಾರ ಮಾರ್ಕೆಟ್ಟಿನಲ್ಲಿ ಬಾಕ್ಸಿಗೆ ಇಷ್ಟು ಸಿಕ್ಕಿದರೆ ಎರಡೇ ಬೆಳೆಗೆ ಅಮ್ಮನ ಒಡವೆ ಬಿಡಿಸಿಕೊಳ್ಳಬಹುದು. ಬಣ್ಣ ಬಣ್ಣದ ಚಾರ್ಟ್ ಕೂಡ ಹಾಕಿದ್ದೆ. ದೊಡ್ಡಪ್ಪ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಕನ್ನಡಕ ಹಣೆಗೇರಿಸಿ ತುಂಬ ಹೊತ್ತು ನೋಡಿದರು. "ಎಲ್ಲಾ ಚೆನ್ನಾಗೈತೆ ಮಗಾ. ನೀರು ಬೀಳದೇ ಹೋದ್ರೆ ಅನ್ನೋ ಲೆಕ್ಕ ಯಾವ ಮನೇಲಿ ಬರ್ದಿದ್ದೀಯ?"

ಬರೆದಿರಲಿಲ್ಲ. ಆದರೆ ಜಾಣನಿಗೆ ಉತ್ತರ ಸಿಗುವುದು ಎಷ್ಟು ಹೊತ್ತು! ಪಕ್ಕದ ತೋಟದಲ್ಲಿ ನೀರು ಬಿದ್ದಿದೆ, ಪಾಯಿಂಟ್ ನೋಡುವವನ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತಿದೆ (ಇದನ್ನು ನಂಬದ ನಾನೇ ಇದನ್ನೂ ಸಾಕ್ಷಿಗೆ ಸೇರಿಸಿಕೊಂಡೆ), ಸುಮ್ಮನೆ ಕೂತರೂ ನಷ್ಟವೇ. ಇಲ್ಲೊಂದು ವಿಷಯ ಗಮನಿಸಿ. ನನ್ನ ಲೆಕ್ಕದಲ್ಲಿ ಕೂಡೋದು ಕಳೆಯೋದು ಎಲ್ಲೂ ತಪ್ಪಿರಲಿಲ್ಲ. ಕೊರೆಸಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು, ಜಾಣತನ ಆಮೇಲೆ ಬಂದು ಅದಕ್ಕೆ ವಕೀಲಿ ಮಾಡಿತು ಅಷ್ಟೇ. ದಡ್ಡನಾಗಿದ್ದಿದ್ದರೆ ದೊಡ್ಡಪ್ಪನ ಪ್ರಶ್ನೆಗೆ ಬಾಯಿ ಕಟ್ಟಿ, ಮನೆಯವರೆಲ್ಲ ಇನ್ನೊಂದು ಸಲ ಯೋಚನೆ ಮಾಡುತ್ತಿದ್ದರೋ ಏನೋ.

ನಾವೇನು ಮಹಾ ಅಂತ ಸಮಾಧಾನ ಬೇಕಿದ್ದರೆ ಅಮೆರಿಕದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನುವ ಹೂಡಿಕೆ ಕಂಪನಿಯನ್ನು ನೋಡಿ. ಅದರ ಪಾಲುದಾರರಲ್ಲಿ ಇಬ್ಬರು, ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್, 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಮರುವರ್ಷ ಆಗಸ್ಟಿನಲ್ಲಿ ರಷ್ಯಾ ಸಾಲ ತೀರಿಸಲ್ಲ ಅಂತ ಕೈಯೆತ್ತಿತು. ಕಂಪನಿಯ ಲೆಕ್ಕದಲ್ಲಿ ಬೇರೆ ಬೇರೆ ಮಾರುಕಟ್ಟೆಗಳು ಹೀಗೆ ಒಟ್ಟೊಟ್ಟಿಗೆ ಕೈಕೊಡುವ ಹಾಗೇ ಇರಲಿಲ್ಲ. ಕೈಯಲ್ಲಿದ್ದ ಒಂದು ಡಾಲರಿಗೆ ಇಪ್ಪತ್ತಕ್ಕೂ ಮೇಲೆ ಸಾಲ ಮಾಡಿ ಆಡುತ್ತಿದ್ದರು. ಕೆಲವೇ ತಿಂಗಳಲ್ಲಿ ನಾಲ್ಕೂವರೆ ಬಿಲಿಯನ್ ಡಾಲರ್ ಹೋಯಿತು, ಕೊನೆಗೆ 14 ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಸೇರಿ 3.6 ಬಿಲಿಯನ್ ಹಾಕಿ ಎತ್ತಬೇಕಾಯಿತು. ಇವರ ಜಾಣತನದ ಬಗ್ಗೆ ಯಾರೂ ಎರಡು ಮಾತಾಡುವ ಹಾಗಿಲ್ಲ. ಅವರ ಶೀಟಿನಲ್ಲೂ ದೊಡ್ಡಪ್ಪ ಕೇಳಿದ ಆ ಮನೆ ಖಾಲಿ ಇತ್ತು.

ಸರಿ, ಏನು ಮಾಡಬೇಕು?

ಮೊದಲು, ನಿಮ್ಮನ್ನು ಪಕ್ಕದ ಮನೆಯವರನ್ನಾಗಿ ಮಾಡಿಕೊಳ್ಳಿ. ಸುಮ್ನೆ ಹೇಳ್ತಿಲ್ಲ. 2014ರಲ್ಲಿ ಇಗೊರ್ ಗ್ರಾಸ್‌ಮನ್ ಮತ್ತು ಈಥನ್ ಕ್ರಾಸ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಸಂಗಾತಿ ಮೋಸ ಮಾಡಿದರೆ ಮುಂದೇನು ಅಂತ ಯೋಚಿಸಲು ಹೇಳಿದರು, ಕೆಲವರಿಗೆ ತಮ್ಮದೇ ಸಂಗಾತಿ ಅಂದುಕೊಳ್ಳಲು, ಕೆಲವರಿಗೆ ಗೆಳೆಯರ ಸಂಗಾತಿ ಅಂದುಕೊಳ್ಳಲು. ಗೆಳೆಯರ ವಿಷಯಕ್ಕೆ ಬಂದಾಗ ಜನ ಜಾಸ್ತಿ ವಿವೇಕದಿಂದ ಯೋಚಿಸಿದರು. ನನಗೆ ಪೂರ್ತಿ ಗೊತ್ತಿಲ್ಲ, ಇದು ಬೇರೆ ಥರವೂ ಆಗಬಹುದು, ಇನ್ನೊಬ್ಬರಿಗೆ ಹೇಗೆ ಕಾಣುತ್ತೆ ನೋಡೋಣ, ಈ ಥರ. ತಮ್ಮದೇ ಆದಾಗ ಇದೆಲ್ಲ ಕಮ್ಮಿ. ಊರಿಗೆಲ್ಲ ಬುದ್ಧಿ ಹೇಳಿ ತನ್ನ ಮನೆಯಲ್ಲಿ ಎಡವಿದ ಬೈಬಲ್ಲಿನ ರಾಜನ ನೆನಪಿಗೆ ಇದಕ್ಕೆ ಸಾಲೊಮೋನನ ವಿರೋಧಾಭಾಸ ಅಂತ ಹೆಸರಿಟ್ಟರು. ನನಗೆ ಇಷ್ಟವಾಗಿದ್ದು ಇನ್ನೆರಡು ಸಂಗತಿ. ತಮ್ಮ ಸಮಸ್ಯೆಯನ್ನೇ ಹೊರಗಿನವರ ಹಾಗೆ ನಿಂತು ನೋಡಲು ಹೇಳಿದಾಗ ಈ ವ್ಯತ್ಯಾಸ ಹೋಯಿತು. ಮತ್ತೆ, ಅರವತ್ತು ದಾಟಿದವರೂ ಈ ವಿಷಯದಲ್ಲಿ ಹುಡುಗರಿಗಿಂತ ಮೇಲೇನಿರಲಿಲ್ಲ. ಕೂದಲು ಬೆಳ್ಳಗಾದ ಮಾತ್ರಕ್ಕೆ ವಿವೇಕ ಬರಲ್ಲ ಅನ್ನೋದು ನಮಗೆ ಗೊತ್ತಿತ್ತು, ಆದ್ರೆ ದೊಡ್ಡವರ ಎದುರು ಹೇಳೋ ಹಾಗಿರಲಿಲ್ಲ.

ಇದನ್ನು ಓದಿದಾಗ ದೊಡ್ಡಪ್ಪನ ಒಗಟು ಬಿಡಿಸಿಕೊಂಡಿತು. ನಮಗೆ ಅಷ್ಟು ಸರಿಯಾದ ಪ್ರಶ್ನೆ ಕೇಳಿದ ಮನುಷ್ಯ ತನ್ನ ಜಮೀನಿನಲ್ಲಿ ನಾಲ್ಕು ಬೋರ್ ಕೊರೆಸಿ ನಾಲ್ಕರಲ್ಲೂ ಧೂಳು ಕಂಡವರು. ತಮ್ಮನ ಹೊಲವಾದ್ದರಿಂದ ಅವರಿಗೆ ಕಣ್ಣು ನೆಟ್ಟಗೆ ಕಂಡಿತ್ತು.

ಮಾಡುವುದು ಹೀಗೆ. ಒಂದು ಹಾಳೆ ತೆಗೆದುಕೊಂಡು ನಿಮ್ಮ ಸಮಸ್ಯೆಯನ್ನು ನಿಮ್ಮ ಹೆಸರು ಹಾಕಿ, "ಅವನು", "ಅವಳು" ಅಂತ ಬರೆಯಿರಿ. "ಅವನು ಕೆಲಸ ಬಿಡಬೇಕು ಅಂತಿದ್ದಾನೆ. ಮ್ಯಾನೇಜರ್ ಮೀಟಿಂಗಿನಲ್ಲಿ ಅವಮಾನ ಮಾಡಿದ. ಮನೆ ಸಾಲ ಇನ್ನೂ ಹದಿನೇಳು ವರ್ಷ ಇದೆ." ಮೂರನೇ ಸಾಲಿಗೇ ನಗು ಬರುತ್ತೆ ಇಲ್ಲಾ ಬೆವರು ಬರುತ್ತೆ. ನಾನು, ನನ್ನ, ನನಗೆ ಅಂತ ಬರೆದಾಗ ಮುಚ್ಚಿಕೊಂಡಿದ್ದೆಲ್ಲ ಹೊರಗೆ ಬಂದು ನಿಲ್ಲುತ್ತೆ. ಬಾಯಲ್ಲಿ ಹೇಳಿಕೊಂಡರೆ ಸಾಲದು, ಬರೆಯಲೇಬೇಕು. ಬಾಯಿ ಜಾಣತನದ ಕಡೆಯದು.

ಎರಡನೆಯದು, ನಿಲ್ಲಿಸುವ ಜಾಗವನ್ನು ಶುರು ಮಾಡುವ ಮೊದಲೇ ಗುರುತು ಮಾಡಿ. ಇದನ್ನು ನಾನು ರಿಗ್ ಪಕ್ಕ ನಿಂತು ಕಲಿತೆ. ಲಾರಿ ಬಂದಿದ್ದು ರಾತ್ರಿ ಒಂಬತ್ತಕ್ಕೆ. ಕಂಪ್ರೆಸರ್ ಸದ್ದಿಗೆ ಪಕ್ಕದಲ್ಲಿದ್ದವರ ಮಾತು ಕೇಳಿಸಲ್ಲ. ಬಿಳಿ ಪುಡಿ ಎಲ್ಲರ ರೆಪ್ಪೆ ಮೇಲೆ, ಅಮ್ಮ ಕುಂಕುಮ ಇಟ್ಟು ಪೂಜೆ ಮಾಡಿದ ಹೂವಿನ ಮೇಲೆ. ಎಂಟುನೂರು ಅಡಿಗೆ ಪುಡಿ ಒಂಚೂರು ತೇವ ಆಯಿತು, ಎಲ್ಲರೂ ಬಗ್ಗಿ ಮುಟ್ಟಿ ನೋಡಿದೆವು, ಯಾರೋ ಮೂಸಿಯೂ ನೋಡಿದರು. ಆಮೇಲೆ ಮತ್ತೆ ಒಣ ಪುಡಿ. ಸಾವಿರಕ್ಕೆ ಆಪರೇಟರ್ ನನ್ನ ಮುಖ ನೋಡಿದ. ಕೆಳಕ್ಕೆ ಹೋದಷ್ಟೂ ಅಡಿಗೆ ರೇಟು ಏರುತ್ತೆ. ನಾನು ಅಂದೆ, "ಇನ್ನೊಂದು ನೂರು." ಸಾವಿರದ ನೂರಕ್ಕೂ ಅದನ್ನೇ ಅಂದೆ. ಇಷ್ಟು ಬಂದಿದ್ದೇವೆ, ಈಗ ನಿಲ್ಲಿಸಿದರೆ ಹಾಕಿದ್ದೆಲ್ಲ ದಂಡ ಅಲ್ವಾ, ಈ ಒಂದೇ ವಾಕ್ಯದ ಮೇಲೆ ಸಾವಿರದ ಮುನ್ನೂರೈವತ್ತು ಅಡಿ ಹೋದೆವು. ಹಾಕಿದ್ದು ಆಗಲೇ ಹೋಗಿತ್ತು. ಕೇಳಬೇಕಾಗಿದ್ದು ಮುಂದಿನ ನೂರು ಅಡಿಯ ದುಡ್ಡಿನ ಬಗ್ಗೆ ಮಾತ್ರ.

ಆದ್ದರಿಂದ ಬೋರಾಗಲಿ, ಶೇರಾಗಲಿ, ಮಗನ ನೀಟ್ ಪರೀಕ್ಷೆಯ ಮೂರನೇ ಪ್ರಯತ್ನವಾಗಲಿ, ತಲೆ ತಣ್ಣಗಿರುವಾಗಲೇ ಒಂದು ಗೆರೆ ಎಳೆಯಿರಿ. ಬರೆದು, ಅದನ್ನು ನಿಮ್ಮ ಕೈಗಲ್ಲ, ಆ ವಿಷಯದಲ್ಲಿ ಆಸೆ ಇಲ್ಲದವರ ಕೈಗೆ ಕೊಡಿ. ಅವತ್ತು "ಸಾವಿರ ಅಡಿ, ಅಷ್ಟೇ" ಅಂತ ಒಂದು ಚೀಟಿ ಅಮ್ಮನ ಕೈಯಲ್ಲಿ ಇದ್ದಿದ್ದರೆ ಒಂದು ಜೊತೆ ಬಳೆಯಾದರೂ ಉಳಿಯುತ್ತಿತ್ತು.

ಮೂರನೆಯದು ಸಣ್ಣ ಆಟ, ಆಫೀಸಿನಲ್ಲಿ ಚೆನ್ನಾಗಿ ನಡೆಯುತ್ತೆ. ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞರು ಇದಕ್ಕೆ ಪ್ರೀ-ಮಾರ್ಟಮ್ ಅಂತಾರೆ, ಸತ್ತ ಮೇಲೆ ಮಾಡುವ ಪೋಸ್ಟ್-ಮಾರ್ಟಮನ್ನು ಬದುಕಿರುವಾಗಲೇ ಮಾಡೋದು. ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಕೂರಿಸಿ, "ಒಂದು ವರ್ಷ ಆಗಿದೆ, ಇದು ಪೂರ್ತಿ ಕೆಟ್ಟುಹೋಗಿದೆ, ಯಾಕೆ ಅಂತ ಬರೀರಿ" ಅನ್ನಬೇಕು. ತೊಂದರೆ ಬರಬಹುದಾ ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ, ಅಪಶಕುನ ಯಾಕೆ ನುಡಿಯೋದು ಅಂತ. ಕೆಟ್ಟಾಗಿದೆ, ಕಾರಣ ಹೇಳಿ ಅಂದರೆ ಪಟಪಟ ಅಂತ ಬರೆಯುತ್ತಾರೆ. "ಕೆಟ್ಟ ಮೇಲೆ ಬುದ್ಧಿ ಬಂತು" ಅನ್ನುತ್ತೇವಲ್ಲ, ಆ ಬುದ್ಧಿಯನ್ನು ಕೆಡುವ ಮೊದಲೇ ಕರೆಸಿಕೊಳ್ಳುವ ಉಪಾಯ ಇದು. ಇಲ್ಲಿ ಜಾಣತನ ನಿಮ್ಮ ಪರವಾಗಿ ದುಡಿಯುತ್ತೆ ಅನ್ನೋದೇ ಇದರ ಸೊಗಸು.

ಇನ್ನು, ತೀರ್ಮಾನ ವಾಪಸ್ ತಗೊಳ್ಳೋಕೆ ಆಗುತ್ತಾ ನೋಡಿ. ಆಗುವ ಹಾಗಿದ್ದರೆ ಜಾಸ್ತಿ ತಲೆ ಕೆಡಿಸಿಕೊಳ್ಳದೆ ಮಾಡಿಬಿಡಿ. ಆಗದಿದ್ದರೆ ಒಂದು ರಾತ್ರಿ ನಿದ್ದೆ ಮಾಡಿ. ಇದಕ್ಕಿಂತ ಜಾಸ್ತಿ ಇದರಲ್ಲಿ ಹೇಳೋಕೆ ಏನೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ನಮ್ಮಲ್ಲಿ ಭಯಕ್ಕೂ ವಿವೇಕ ಅಂತ ಹೆಸರಿಡೋ ಅಭ್ಯಾಸ ಜಾಸ್ತಿ. "ಯಾಕೆ ಬೇಕಿತ್ತು ಊರ ಉಸಾಬರಿ" ಅನ್ನುವವರನ್ನೆಲ್ಲ ತಿಳಿದವರು ಅನ್ನೋಕಾಗಲ್ಲ. ಅಪ್ಪ ಹೆದರಿ ಮೊದಲನೇ ಬೋರ್ ಕೊರೆಸದೇ ಇದ್ದಿದ್ದರೆ ನಾನು ಇಂಜಿನಿಯರಿಂಗ್ ಓದುತ್ತಿರಲಿಲ್ಲ. ಅದೂ ಸಾಲದ ದುಡ್ಡೇ. ಆದರೆ ಅವತ್ತು ಅಪ್ಪ ಆ ಸಾಲ ಎಷ್ಟು ಇರಬೇಕು ಅಂತ ಮೊದಲೇ ಎಣಿಸಿದ್ದರಂತೆ. ನೀರು ಬೀಳದಿದ್ದರೂ ಎರಡು ಹಸು ಮಾರಿದರೆ ತೀರಬೇಕು, ಅಷ್ಟು.

ಕೊನೆಯದು, ಲೆಕ್ಕದಲ್ಲಿ ಯಾರು ಇಲ್ಲ ಅಂತ ಹುಡುಕುವುದು. ನನಗೆ ಈಗಲೂ ಸರಿಯಾಗಿ ಬಾರದಿರುವುದು ಇದೇ. ನಾವು ಕೂತು ಲೆಕ್ಕ ಹಾಕುವಾಗ ಎದುರಿಗೆ ಇರುವವರು ಮಾತ್ರ ಕಾಣುತ್ತಾರೆ. ನಮ್ಮ ತೀರ್ಮಾನಕ್ಕೆ ಬೆಲೆ ತೆರುವವರು ಎಷ್ಟೋ ಸಲ ಆ ಕೋಣೆಯಲ್ಲೇ ಇರಲ್ಲ. ಹಾಳೆಯ ಕೆಳಗೆ ಸುಮ್ಮನೆ ಒಂದು ಸಾಲು ಬಿಟ್ಟು, ಇದರಿಂದ ಇನ್ಯಾರಿಗೆ ಏನಾಗುತ್ತೆ ಅಂತ ಬರೆಯಿರಿ. ಬೇಗ ಹೊಳೆಯಲ್ಲ, ಕಾಯಿರಿ.

ಬೋರ್ ಫೇಲಾದ ಮರುದಿನ ಬೆಳಿಗ್ಗೆ ನಾನು ಜಗಲಿ ಮೇಲೆ ಕೂತು ಮತ್ತೆ ಅದೇ ಶೀಟ್ ತೆಗೆದಿದ್ದೆ. ಒಳಗೆ ಇಳಿಸಿದ್ದ ಕೇಸಿಂಗ್ ಪೈಪ್ ಕಿತ್ತು ಮಾರಿದರೆ ಒಂದಿಷ್ಟು ವಾಪಸ್ ಬರುತ್ತೆ, ಬೇಗ ಯಾರನ್ನಾದರೂ ಕರೆಸಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಜಾಣ ಲೆಕ್ಕವೇ. ಎಷ್ಟೋ ಜನ ಮಾಡೋದೂ ಹಾಗೇ, ಪೈಪ್ ಕಿತ್ತ ಮೇಲೆ ನೆಲದಲ್ಲಿ ಒಂದು ತೂತು ಬಾಯಿ ತೆರೆದುಕೊಂಡು ಉಳಿಯುತ್ತೆ. ಅಷ್ಟರಲ್ಲಿ ದೊಡ್ಡಪ್ಪ ಬಾಣಲಿಯಲ್ಲಿ ಸಿಮೆಂಟು, ಮೇಲೊಂದು ಚಪ್ಪಡಿ ಚೂರು ಹೊತ್ತುಕೊಂಡು ಹೊಲದ ಕಡೆ ಹೊರಟಿದ್ದರು. "ಪೈಪಿಗೆ ಒಳ್ಳೆ ರೇಟು ಬರುತ್ತೆ ದೊಡ್ಡಪ್ಪ, ಈಗಲೇ ಮುಚ್ಚಬೇಡಿ" ಅಂತ ಕೂಗಿದೆ. ಅವರು ತಿರುಗಲೂ ಇಲ್ಲ. "ಎಂಟು ಗಂಟೆಗೆ ಇಸ್ಕೂಲ್ ಹುಡುಗರು ಈ ಬದುವಿನ ಮೇಲೇನೇ ಹೋಗೋದು," ಅಂದರು.